ಗುಡ್ಡಕ್ಕೊಂದು ಚರಗ

ಬೆಳಗಿನ ಪೂಜೆ ಮುಗಿಸಿ ಏಳುವ ಮೊದಲು, ಹಿಂದಿನ ದಿನ ಶಿವ ನನಗೆ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ. ನಳದ ನೀರು ಹೇಳಿದ ಹೊತ್ತಿಗೆ ಬಂತು. ರೊಟ್ಟಿ ಎಲ್ಲವೂ ಉಬ್ಬಿದವು. ಬಹಳ ದಿನ ಒಂದೇ ಕೈಯಲ್ಲಿ ಮುಗಿಯುವ ಲೆಕ್ಕ ಇದು. ಗುಡ್ಡಕ್ಕೆ ಹೋಗಿಬಂದ ಮರುದಿನ ಮಾತ್ರ ಯಾವುದನ್ನು ಉಪಕಾರ ಎನ್ನಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ವಿಭೂತಿ ಒಣಗುವ ತನಕ ಸುಮ್ಮನೆ ಕೂತಿದ್ದೆ. ಆ ಗುಡ್ಡದ ದಿನವನ್ನು ಇಲ್ಲಿ ಬರೆದಿಡುತ್ತೇನೆ.

ಗುಡ್ಡದ ಹುಚ್ಚು ಹತ್ತಿದ್ದು ನಮ್ಮ ಅಕ್ಕನಿಗೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಇಬ್ಬರೂ ಒಂದೇ ಒಲೆಯ ಮುಂದೆ ಕೂತವರು. ಅವಳು ರೊಟ್ಟಿ ಬಡಿಯುವುದು, ನಾನು ಬೇಯಿಸುವುದು. ನೆಲದ ಮೇಲೆ ಕಾಲು ಮಡಚಿ ಕೂತು ಕೂತೇ ಅವಳ ಮೊಣಕಾಲು ಸವೆದುಹೋದವೇನೋ ಎಂದು ನನಗೆ ಅನ್ನಿಸುತ್ತದೆ. ಹುಬ್ಬಳ್ಳಿಯ ಡಾಕ್ಟರು ಫೋಟೋ ತೆಗೆಸಿ ನೋಡಿ, ದೀಪಾವಳಿ ಆದ ಮೇಲೆ ಎರಡೂ ಮೊಣಕಾಲು ಬದಲಿಸೋಣ ಅಂದರು. ಅಕ್ಕ ಮನೆಗೆ ಬಂದು ಚಹದ ಬಟ್ಟಲು ಕೆಳಗಿಟ್ಟು ಹೇಳಿದಳು:

"ಶಿವಾ ಕೊಟ್ಟ ಕಾಲು ಇರೂದು ಇನ್ನ ದೀಪಾವಳಿತನಕ ಅಷ್ಟ. ಅಷ್ಟರಾಗ ಒಂದ ಗುಡ್ಡಾ ಹತ್ತಬೇಕು."

"ಯಾವ ಗುಡ್ಡಾ?" ಅಂದೆ.

"ನವಲಗುಂದದ ಗುಡ್ಡ ಅಲ್ಲ. ಅದು ಗುಡ್ಡಾ ಅಲ್ಲ, ದಿಬ್ಬಿ. ಮೋಡಾ ಕಾಲ ಕೆಳಗ ಇರ್ತಾವಂತಲ್ಲ, ಅಂಥಾದ್ದು. ಹುಟ್ಟಿದಾಗಿಂದ ಸಪಾಟ ನೆಲದ ಮ್ಯಾಲ ಅಡ್ಡಾಡೇನಿ. ಒಮ್ಮೆ ಮ್ಯಾಲ ನಿಂತು ಕೆಳಗ ನೋಡಬೇಕು, ಈ ಕಾಲಿಲೇ."

ನಮ್ಮ ಭಾವ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದವರು ಕತ್ತು ಎತ್ತಿದರು. "ಮಾಳಗಿ ಮ್ಯಾಲ ಹಪ್ಪಳಾ ಒಣಹಾಕು ಅಂದ್ರ ಮೊಣಕಾಲು ಅಂತಿ. ಮೋಡಾ ತುಳ್ಯಾಕ ಮೊಣಕಾಲು ಬ್ಯಾಡೇನು?"

"ಹಪ್ಪಳಾ ತಿನ್ನಾವ್ರು ನೀವು. ನೀವ ಒಣಹಾಕ್ರಿ."

ಡಾಕ್ಟರನ್ನು ಒಂದು ಮಾತು ಕೇಳೋಣ ಎಂದು ನಾನು ಅಂದದ್ದಕ್ಕೆ, "ಕೇಳಿದ್ರ ಬ್ಯಾಡಂತಾರ. ಕೇಳದಿದ್ರ ಅವರ ಮಾತು ಮೀರಿಧಂಗ ಆಗೂದಿಲ್ಲ" ಅಂದಳು. ಅಲ್ಲಿಗೆ ಮುಗಿಯಿತು.

ನನ್ನ ಮಗಳು ಮೊಬೈಲಿನಲ್ಲಿ ಹುಡುಕಿ, ಪಡುವಣ ಘಟ್ಟದಲ್ಲಿ ಒಂದು ದಿನದ ಚಾರಣ, ಜೊತೆಗೆ ಗೈಡ್ ಇರುತ್ತಾರೆ, ಬೆಳಿಗ್ಗೆ ಹತ್ತಿ ಸಂಜೆಗೆ ಇಳಿಯುವುದು ಎಂದು ಗೊತ್ತು ಮಾಡಿಕೊಟ್ಟಳು. ಆ ಸೀಮೆಯಲ್ಲೇ ಮಲಪ್ರಭೆ ಹುಟ್ಟುತ್ತದೆ ಎಂದು ತಿಳಿದ ಕೂಡಲೇ ಅಕ್ಕನ ಮನಸ್ಸು ಪೂರ್ತಿ ಅಲ್ಲೇ ನೆಟ್ಟಿತು. ನಮ್ಮ ಎರೆಹೊಲಕ್ಕೆ ಕಾಲುವೆಯಲ್ಲಿ ಬರುವ ನೀರು ಆ ಹೊಳೆಯದು. ಓಣಿಯ ಭಜನೆಯ ಹೆಣ್ಣುಮಕ್ಕಳು ಕೆಲವರು ನಾವೂ ಬರುತ್ತೇವೆ ಅಂದರು. ಅವರಲ್ಲಿ ಮುಂದಾಳು ನಮ್ಮ ಬಾಜೂ ಮನೆಯ, ಜಂಪರು ಹೊಲಿಯುವವಳು. ಅವಳ ಬಾಯಿ ಅವಳ ಮಶೀನಿಗಿಂತ ಜೋರು.

ಶೀಗಿ ಹುಣ್ಣಿಮೆ ಆದ ಎರಡನೆಯ ದಿನ ಹೊರಡುವುದೆಂದಾಯಿತು. ಈ ಹುಣ್ಣಿಮೆಗೆ ನಮ್ಮಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಪೈರು ತುಂಬಿ ನಿಂತ ಭೂಮಿಯೆಂದರೆ ಬಸುರಿ ಹೆಂಗಸು; ಅವಳ ಬಯಕೆಗೆ ಕಡಬು, ಸಜ್ಜೆ ರೊಟ್ಟಿ, ಹೋಳಿಗೆ, ಪುಂಡಿಪಲ್ಯ, ಬಾನದ ಅನ್ನ ಎಲ್ಲ ಮಾಡಿ ಒಯ್ದು, ಒಂದಿಷ್ಟು ಕಲಸಿ ಹೊಲದ ತುಂಬ ಚೆಲ್ಲುವುದು. ಮುಂದೆ ಚೆಲ್ಲುವವರು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದೆ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗೋ" ಎಂದು ಓಗೊಡುತ್ತಾರೆ. ಹಾಗೆಂದರೇನು ಎಂದು ನಾನೂ ಕೇಳಿಲ್ಲ, ಯಾರೂ ಹೇಳಿಲ್ಲ. ಭೂಮಿತಾಯಿಗೆ ತಿಳಿಯುತ್ತದೆ, ಸಾಕು. ಈ ಸಲ ಹೊಲದಲ್ಲಿ ಚರಗ ಚೆಲ್ಲಿ ಬಂದ ರಾತ್ರಿಯೇ ಅಕ್ಕ ಮತ್ತೊಂದು ಪಾವು ಹಿಟ್ಟು ನೆನೆಸಿ ಅಂದಳು, "ನೀರು ಕುಡದ ಹೊಲಕ್ಕ ಉಣಿಸಿದ್ವಿ. ನೀರು ಕೊಟ್ಟ ಗುಡ್ಡಾ ಉಪಾಸ ಇರಬೇಕೇನು?" ನನಗೂ ಅದು ಸರಿ ಅನ್ನಿಸಿತು. ಗುಡ್ಡಕ್ಕೂ ಬುತ್ತಿ ಕಟ್ಟಿದೆವು.

ಬೆಳಕು ಹರಿಯುವ ಮೊದಲು ಟ್ರ್ಯಾಕ್ಸ್ ಗಾಡಿ ಹತ್ತಿದೆವು. ಧಾರವಾಡ ದಾಟುವಾಗ ನಿದ್ದೆ ಹತ್ತಿತ್ತು. ಕಣ್ಣು ಬಿಟ್ಟರೆ ಕಪ್ಪು ನೆಲ ಹೋಗಿ ಕೆಂಪು ನೆಲ ಬಂದಿತ್ತು, ಹೊಲ ಹೋಗಿ ಅಡವಿ ಬಂದಿತ್ತು. ಇನ್ನೂ ಕನಸಿನಲ್ಲೇ ಇದ್ದೇನೆ ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ. ಅಕ್ಕ ಮೊಣಕೈಯಿಂದ ತಿವಿದಳು. ಗಾಜಿನ ಆಚೆ, ಆಕಾಶ ಇರಬೇಕಾದ ಜಾಗದಲ್ಲಿ ಏನೋ ನಿಂತಿತ್ತು. ಮೋಡ ಎಂದುಕೊಂಡೆ, ಆದರೆ ಅದರ ಮೈಮೇಲೆ ಗಿಡಗಳಿದ್ದವು, ನೀರಿನ ಬಿಳಿ ಎಳೆಗಳು ಇಳಿಬಿದ್ದಿದ್ದವು. ನಮ್ಮ ಕಡೆ ಕಣ್ಣು ಎಷ್ಟು ದೂರ ಹೋದರೂ ಅಡ್ಡ ಬರುವುದೇನಿಲ್ಲ. ಇಲ್ಲಿ ಕಣ್ಣು ಹೋಗಿ ಗುಡ್ಡಕ್ಕೆ ತಾಗಿ ನಿಲ್ಲುತ್ತಿತ್ತು, ಗುಡ್ಡವೇ ಮೇಲೆ ನೋಡು ಎನ್ನುತ್ತಿತ್ತು. ಗಾಡಿಯಲ್ಲಿ ಜಂಪರಿನವಳೂ ಮಾತಾಡಲಿಲ್ಲ, ಅದೊಂದು ಉಪಕಾರ.

ಗುಡ್ಡದ ಬುಡದ ಊರಲ್ಲಿ ಗೈಡ್ ನಮಗಾಗಿ ಕಾದಿದ್ದಳು. ಗಂಡಸು ಇರುತ್ತಾನೆ ಎಂದುಕೊಂಡಿದ್ದೆವು. ಮೂವತ್ತರ ಹೆಣ್ಣುಮಗಳು, ಪ್ಯಾಂಟು, ತಲೆಗೆ ಟೊಪ್ಪಿಗೆ, ಕೊರಳಲ್ಲಿ ಒಂದು ಸೀಟಿ. ಅದೇ ಊರಿನವಳು. ಕನ್ನಡದಲ್ಲಿ ಅರ್ಧ ಮರಾಠಿ ಬೆರೆಸಿ ಮಾತಾಡುತ್ತಿದ್ದಳು, ಚಿಕ್ಕವ್ವ ಎನ್ನಲು ಮೌಶಿ ಎನ್ನುತ್ತಿದ್ದಳು. ನಾವು ಪೂಜೆ ಆಗದೆ ನೀರೂ ಮುಟ್ಟುವವರಲ್ಲ. ಅಲ್ಲಿನ ಗುಡಿಯ ಕಟ್ಟೆಯ ಮೇಲೆ ಸಾಲಾಗಿ ಕೂತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿಕೊಳ್ಳುವ ತನಕ ಅವಳು ಚಪ್ಪಲಿ ಬಿಟ್ಟು ದೂರದಲ್ಲಿ ನಿಂತಿದ್ದಳು. ಆಮೇಲೆ ನಮ್ಮ ಬುತ್ತಿಯ ಗಂಟುಗಳನ್ನು ನೋಡಿದಳು.

"ಮೌಶಿ, ಗುಡ್ಡಾ ಹತ್ತಾಕ ಬಂದೀರೋ, ಬೀಗರೂಟಕ್ಕ ಬಂದೀರೋ?"

"ನಮ್ಮ ಕಡಿ ಬುತ್ತಿ ಇಲ್ಲದ ಹೊಸ್ತಿಲಾ ದಾಟೂದಿಲ್ಲವ್ವಾ" ಅಂದಳು ಜಂಪರಿನವಳು. "ನೀ ಚಿಂತಿ ಮಾಡಬ್ಯಾಡ, ಇಳಿಯೂ ಮುಂದ ಎಲ್ಲಾ ಹೊಟ್ಟ್ಯಾಗ ಇರ್ತದ."

ಗೈಡ್ ನಕ್ಕಳು. ಆದರೆ ಒಂದು ಮಾತು ಬಿಗಿಯಾಗಿ ಹೇಳಿದಳು. ಮಧ್ಯಾಹ್ನದ ಮೇಲೆ ಮಂಜು ಕವಿಯುತ್ತದೆ. ಹೊತ್ತು ನೆತ್ತಿ ದಾಟಿದ ಮೇಲೆ ಯಾರು ಎಲ್ಲಿರುತ್ತಾರೋ ಅಲ್ಲಿಂದಲೇ ಹಿಂತಿರುಗಬೇಕು. ಅಕ್ಕ ಆಕಾಶ ನೋಡಿದಳು, ತನ್ನ ಕಾಲು ನೋಡಿಕೊಂಡಳು. ಕಳೆ ತೆಗೆಯಲು ಹೋಗುವಾಗಿನಂತೆ ಇಳಕಲ್ ಸೀರೆಯ ಕಚ್ಚೆ ಬಿಗಿದಿದ್ದಳು, ಮಗನ ಆಟದ ಬೂಟು ಹಾಕಿದ್ದಳು. "ನಡೀರಿ, ಹೋಗೂಣು" ಅಂದಳು.

ಮೊದಲ ಹಾದಿ ಅಡವಿಯೊಳಗೆ. ಬಿಸಿಲು ಎಲೆಗಳ ನಡುವೆ ಸೋಸಿ ಬೀಳುತ್ತಿತ್ತು. ನೆಲದ ಮೇಲೆ ಬೆಳಕಿನ ಚಿಲ್ಲರೆ ಬಿದ್ದಂತೆ ಇತ್ತು, ತುಳಿಯಲು ಮನಸ್ಸಾಗುತ್ತಿರಲಿಲ್ಲ. ಎಲ್ಲೋ ನೀರು ಹರಿಯುವ ಸದ್ದು. ಅದು ಬಲಕ್ಕಿತ್ತು, ತಿರುಗಿದರೆ ಎಡಕ್ಕಿತ್ತು. ಅಕ್ಕ ಮುಂದೆ, ನಾನು ಹಿಂದೆ. ಎರೆ ಮಣ್ಣಿನ ಕೆಸರಲ್ಲಿ ನಡೆದ ನಮ್ಮ ಕಾಲಿಗೆ ಪಾದ ಪೂರ್ತಿ ಎತ್ತಿ ಪೂರ್ತಿ ಊರುವ ರೂಢಿ. ಗೈಡ್ ಅದನ್ನು ನೋಡಿ, "ಚಲೋ ನಡೀತೀರಿ ಮೌಶಿ, ಜಾರೂದಿಲ್ಲ" ಅಂದಾಗ ಅಕ್ಕ ಮದುಮಗಳಂತೆ ಕೆಂಪಾದಳು. ಮೊಣಕಾಲು ಆ ತನಕ ಏನೂ ತಂಟೆ ಮಾಡಿರಲಿಲ್ಲ. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳುತ್ತ, ಅವಳ ಒಂದೊಂದು ಹೆಜ್ಜೆಗೂ ಒಂದೊಂದು ಸಾರಿ ಶಿವನಿಗೆ ಕೈ ಮುಗಿಯುತ್ತಿದ್ದೆ.

ಅಡವಿ ಮುಗಿದಾಗ ಒಮ್ಮೆಲೇ ಬಾಗಿಲು ತೆರೆದಂತಾಯಿತು. ಮುಂದೆ ಹುಲ್ಲಿನ ಬಯಲು, ಹಳದಿ ಹೂವು, ಅದರ ಆಚೆ ಬಯಲೇ ಕಡಿದು ಬಿದ್ದಂತೆ ಆಳವಾದ ಕಣಿವೆ. ಕಣಿವೆಯ ಆಚೆ ದಡಕ್ಕೆ ಕರಿಯ ಬಂಡೆಯ ಗುಡ್ಡಗಳು ಒಂದರ ಹಿಂದೊಂದು, ಹಿಂದಿನದು ಮುಂದಿನದಕ್ಕಿಂತ ತೆಳು ಬಣ್ಣ, ಕೊನೆಯದು ಇದೆಯೋ ಇಲ್ಲವೋ ಎನ್ನುವಂತೆ. ನಾವು ಹತ್ತಬೇಕಾದ ಗುಡ್ಡದ ತುದಿ ಎಡಕ್ಕೆ, ಇನ್ನೂ ಮೇಲೆ. ಗೈಡ್ ಹಿಂದೆ ಉಳಿದವರನ್ನು ಕರೆತರಲು ಅಡವಿಯ ಹಾದಿಗೆ ಮರಳಿದಳು.

"ಇದ ಜಾಗಾ" ಅಂದಳು ಅಕ್ಕ.

ಗಂಟು ಬಿಚ್ಚಿದೆವು. ಕಡಬು ಮುರಿದು, ಬಾನ, ಪುಂಡಿಪಲ್ಯ ಕೂಡಿಸಿ ಬುಟ್ಟಿಯಲ್ಲಿ ಕಲಸಿದೆವು. ಹೊಲದಲ್ಲಿ ಮುಂದೆ ಹೋಗಿ ಚೆಲ್ಲುವವರು ನಮ್ಮ ಭಾವ. ಅಕ್ಕ ಯಾವಾಗಲೂ ನೀರಿನ ತಂಬಿಗೆ ಹಿಡಿದು ಹಿಂದೆ. ಇಲ್ಲಿ ಗಂಡಸರಿಲ್ಲ. ಅವಳೇ ಬುಟ್ಟಿ ಸೊಂಟಕ್ಕೆ ಏರಿಸಿ, ಹುಲ್ಲಿನ ಮೇಲೆ ಒಂದು ಹಿಡಿ ಬೀರಿ ಕೂಗಿದಳು.

"ಹುಲ್ಲುಲ್ಲಿಗೋ."

ನಾನು ಓಗೊಡಲು ಬಾಯಿ ತೆರೆಯುವಷ್ಟರಲ್ಲಿ ಕಣಿವೆಯ ಆಚೆಯಿಂದ ಒಂದು ಹೆಣ್ಣುದನಿ "ಲ್ಲಿಗೋ" ಅಂದಿತು. ಸ್ವಲ್ಪ ತಡೆದು, ಇನ್ನೂ ದೂರದಿಂದ ಮತ್ತೊಬ್ಬಳು. ನಮ್ಮ ನಾಡಿನಲ್ಲಿ ಕೂಗಿದ ದನಿ ಹೋಗುತ್ತದೆ, ಹೋಗುತ್ತಲೇ ಇರುತ್ತದೆ, ಮರಳಿ ಬರುವುದಿಲ್ಲ. ಹೀಗಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನೆನಪಿತ್ತು. ಆದರೆ ಮೈಮೇಲಿನ ಕೂದಲು ಶಾಲೆಗೆ ಹೋಗಿರಲಿಲ್ಲ, ನೆಟ್ಟಗೆ ನಿಂತಿತು. ಅಕ್ಕ ಬುಟ್ಟಿ ಹಿಡಿದು ಹಾಗೇ ನಿಂತಳು. "ಅಲ್ಲೂ ಚರಗಾ ಚೆಲ್ಲಾಕತ್ತಾರ ನೋಡು" ಎಂದು ಮೆಲ್ಲಗೆ ಅಂದಳು. ಮತ್ತೆ ಬೀರಿದಳು, ಮತ್ತೆ ಕೂಗಿದಳು. ನಾನು ನೀರು ಚಿಮುಕಿಸುತ್ತ ಹಿಂದೆ ಹಿಂದೆ ಹೋದೆ. ನಮ್ಮ ದನಿ, ಗುಡ್ಡದ ದನಿ, ಯಾರದು ಯಾವುದು ತಿಳಿಯದಂತೆ ಕಲಸಿಹೋಯಿತು. ಬಯಲಿನ ಉದ್ದಕ್ಕೂ ಚೆಲ್ಲಿದೆವು.

ಸೀಟಿ ಕೇಳಿಸಿತು. ಗೈಡ್ ಓಡಿ ಬರುತ್ತಿದ್ದಳು, ಹಿಂದೆ ಮಿಕ್ಕವರು.

"ಏನ ಮಾಡಾಕತ್ತೀರಿ ಮೌಶಿ? ಇಲ್ಲಿ ಅನ್ನ ಒಗೀಬಾರದು."

"ಒಗದಿಲ್ಲವ್ವಾ, ಚರಗಾ ಚೆಲ್ಲೇವಿ" ಅಂದೆ. ಏನೆಂದು ವಿವರಿಸಿದೆ. ಅವಳು ಕೇಳಿಸಿಕೊಂಡಳು, ತಲೆಯಾಡಿಸಿದಳು, ಆದರೆ ಮುಖ ಸಡಿಲಾಗಲಿಲ್ಲ. ಬೇಯಿಸಿದ ಅನ್ನದ ರುಚಿ ಹತ್ತಿದರೆ ಮಂಗಗಳು ಬರುತ್ತವೆ, ಕರಡಿಯೂ ಬರುತ್ತದೆ. ನಾಳೆ ಈ ಬಯಲಿಗೆ ಬರುವ ಮಂದಿಯ ಕೈಯಲ್ಲಿ ಚೀಲ ಕಂಡರೆ ಮೇಲೆ ಬೀಳುತ್ತವೆ. ಹಿಂದೆ ಹಾಗೆ ಆಗಿದೆ.

"ಅದಕ್ಕ?" ಅಂದಳು ಅಕ್ಕ.

"ಎಲ್ಲಾ ಆರಿಸಬೇಕ್ರಿ."

ಚೆಲ್ಲಿದ ಚರಗವನ್ನು ಹಿಂದಕ್ಕೆ ತೆಗೆದುಕೊಂಡವರನ್ನು ನಮ್ಮ ಸೀಮೆಯಲ್ಲಿ ನಾನು ಕೇಳಿಲ್ಲ. ದೇವರ ಬಾಯಿಯ ತುತ್ತು ಕಸಿದುಕೊಂಡ ಹಾಗೆ. ಜಂಪರಿನವಳು, "ಪಾಪಾ ಹತ್ತತೈತಿ ನಮಗ" ಅಂದಳು. ಗೈಡ್ ಟೊಪ್ಪಿಗೆ ತೆಗೆದು ಅಕ್ಕನ ಎದುರು ಕೂತಳು.

"ಮೌಶಿ, ಭೂಮಿಗೆ ಮುಟ್ಟೈತಿಲ್ಲೋ? ಆಕಿ ಉಂಡಾಳ. ಈಗ ಎಲಿ ಎತ್ತೂಣು. ಉಂಡವರ ಎಲಿ ಎತ್ತಿದ್ರ ಪುಣ್ಯ ಅಂತಾರಲ್ಲ ನಿಮ್ಮ ಕಡಿ."

ಅಕ್ಕ ಬುಟ್ಟಿಯನ್ನು ಸೊಂಟದಿಂದ ಇಳಿಸಿದಳು. "ಮಾತ ಬರ್ತಾವಲೇ ನಿನಗ" ಅಂದು ಕೆಳಗೆ ಕೂತಳು.

ನಾನು ಬೇಡ ಅಂದೆ. ನಾವು ಆರಿಸುತ್ತೇವೆ, ನೀನು ಬಂಡೆಯ ಮೇಲೆ ಕೂಡು ಅಂದೆ. ಚೆಲ್ಲಿದ ಕೈಯೇ ಆರಿಸಬೇಕೆಂದು ಅವಳ ಹಟ. ಕುಕ್ಕರಗಾಲಲ್ಲಿ ಕೂತು, ಸರಿದು, ಎದ್ದು, ಮತ್ತೆ ಕೂತು, ಹುಲ್ಲಿನ ಬುಡದಿಂದ ಅನ್ನದ ಅಗುಳು, ಕಡಬಿನ ಚೂರು ಎಲ್ಲ ಆರಿಸಿ ಬುಟ್ಟಿಗೆ ಹಾಕಿದಳು. ನಾವೆಲ್ಲ ಸೇರಿದರೂ ಬಹಳ ಹೊತ್ತು ಹಿಡಿಯಿತು. ಗಾಳಿಗೆ ಹುಲ್ಲು ಬಾಗಿ ಏಳುತ್ತಿತ್ತು; ಬಾಗಿದ ಬೆನ್ನುಗಳು ಸಾಲಾಗಿ ಸರಿಯುತ್ತಿದ್ದುದನ್ನು ಕಂಡರೆ ಮೋಡದ ಪಕ್ಕದಲ್ಲಿ ಯಾರದೋ ಹೊಲದ ಕಳೆ ತೆಗೆಯುತ್ತಿದ್ದೇವೆ ಅನ್ನಿಸುತ್ತಿತ್ತು. ಕೊನೆಗೆ ಅಕ್ಕ ಎದ್ದು ನಿಂತಾಗ ನನ್ನ ಹೆಗಲು ಹಿಡಿದಳು. ಆ ಹಿಡಿತದಲ್ಲೇ ನನಗೆ ತಿಳಿಯಿತು.

ಕೊನೆಯ ಏರಿನ ಬುಡ ಮುಟ್ಟುವಷ್ಟರಲ್ಲಿ ಅವಳು ಒಂದು ಕಾಲು ಎಳೆಯುತ್ತಿದ್ದಳು. ತುದಿ ಎದುರಿಗೇ ಇತ್ತು, ಬರಿಯ ಬಂಡೆಯ ಮೆಟ್ಟಿಲು. ಹೊತ್ತು ಹೆಚ್ಚುಕಡಿಮೆ ನೆತ್ತಿಗೆ ಬಂದಿತ್ತು. ಗೈಡ್ ಅಕ್ಕನ ಮೊಣಕಾಲಿಗೆ ಕೈ ಇಟ್ಟಳು.

"ನೋವೈತೇನ್ರಿ?"

"ಏನೂ ಇಲ್ಲ. ನಡಿ."

ಅವಳು ನನ್ನ ಕಡೆ ತಿರುಗಿದಳು. "ಸಣ್ಣ ಮೌಶಿ, ಖರೇ ಹೇಳ್ರಿ."

ಅಕ್ಕನ ಕಣ್ಣು ನನ್ನ ಮೇಲೆ ಇತ್ತು. ಇನ್ನೊಂದು ಏರು, ಅಷ್ಟೇ. ದೀಪಾವಳಿಯ ಆಚೆ ಈ ಕಾಲು ಇರುವುದಿಲ್ಲ. ಆದರೆ ಅದೇ ಕಾಲಿನಿಂದ ಅವಳು ಸಂಜೆಗೆ ಕೆಳಗೂ ಬರಬೇಕು. ನಾನು ಹೇಳಿದೆ, "ನೋವೈತಿ. ಬಯಲಿನಾಗ ಎದ್ದಾಗಿಂದ ಐತಿ. ಬಾವು ಬಂದೈತಿ."

ಅಕ್ಕ ಮುಖ ತಿರುಗಿಸಿದಳು. "ನೀ ನನ್ನ ತಂಗಿ ಅಲ್ಲ. ಡಾಕ್ಟರನ ತಂಗಿ."

ಮಿಕ್ಕವರೂ ನಾವು ಹೋಗುವುದಿಲ್ಲ, ಇಲ್ಲೇ ಕೂಡುತ್ತೇವೆ ಅಂದರು. ಅದಕ್ಕೆ ಅಕ್ಕನಿಗೆ ಸಿಟ್ಟೇ ಬಂತು. "ನನ್ನ ಸಂಬಂಧ ಯಾರೂ ಕುಂಡ್ರಬ್ಯಾಡ್ರಿ. ಹೋಗ್ರಿ. ನೋಡಿ ಬಂದು ಹೇಳ್ರಿ, ಸುಳ್ಳ ಹೇಳಬ್ಯಾಡ್ರಿ." ತುದಿಯಿಂದ ನಾವು ಕಾಣುವಂಥ ಒಂದು ಚಪ್ಪಟೆ ಬಂಡೆಯ ಮೇಲೆ ಗೈಡ್ ನಮ್ಮಿಬ್ಬರನ್ನು ಕೂರಿಸಿ, ಅಲ್ಲಿಂದ ಏಳಬಾರದೆಂದು ಆಣೆ ಹಾಕಿಸಿಕೊಂಡು, ಅವರನ್ನು ಕರೆದುಕೊಂಡು ಹತ್ತಿದಳು.

ಸೀರೆಯ ಬಣ್ಣಗಳು ಮೇಲೆ ಮೇಲೆ ಹೋಗುತ್ತ ಸಣ್ಣವಾದವು. ಅಕ್ಕ ನನ್ನ ಕೂಡ ಮಾತು ಬಿಟ್ಟಿದ್ದಳು. ನಾನು ಬುಟ್ಟಿ ತೆರೆದು, ಆರಿಸಿ ತಂದ ಕಡಬಿನ ಚೂರಿನಿಂದ ಹುಲ್ಲು ತೆಗೆದು ಅವಳ ಮುಂದೆ ಹಿಡಿದೆ. ಭೂಮಿ ಉಂಡು ಬಿಟ್ಟದ್ದು, ಪ್ರಸಾದ. ಪ್ರಸಾದ ಬೇಡ ಎನ್ನಲು ಅವಳಿಗೆ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ತಿಂದಳು. ಬೆಲ್ಲದ ಸಂಗಡ ಒಂದಿಷ್ಟು ಮಣ್ಣೂ ಹಲ್ಲಿಗೆ ಸಿಕ್ಕಿತು.

ಆಗ ಕಣಿವೆಯಿಂದ ಮಂಜು ಎದ್ದಿತು. ಹಾಲು ಉಕ್ಕಿ ಬರುವ ಹಾಗೆ ಸದ್ದಿಲ್ಲದೆ ಬಂಡೆಯ ಅಂಚಿಗೆ ಬಂತು, ಅಂಚು ದಾಟಿ ನಮ್ಮ ಕಾಲ ಬೆರಳಿಗೆ ಬಂತು. ಇಳಿಬಿಟ್ಟ ನಮ್ಮ ಪಾದಗಳು ಮುಚ್ಚಿಹೋದವು. ತಣ್ಣಗೆ ಮೊಣಕಾಲಿನ ತನಕ ಏರಿತು. ನಮಗೆ ಕಾಲೇ ಇಲ್ಲದಂತೆ, ನಡುವಿನಿಂದ ಮೇಲೆ ಮಾತ್ರ ಇಬ್ಬರು ಹೆಂಗಸರು ಬೆಳ್ಳಗಿನ ಮೇಲೆ ತೇಲುತ್ತ ಕೂತಂತೆ.

"ಕಾಲಿನ ಮ್ಯಾಲ ಬಂತು" ಅಂದಳು ಅಕ್ಕ ಕೊನೆಗೆ. "ಕಾಲಿನ ಕೆಳಗ ಬರಲಿಲ್ಲ."

ನನ್ನ ಕೂಡ ಮಾತಾಡಿದಳಲ್ಲ, ಅಷ್ಟು ಸಾಕಾಗಿತ್ತು.

ಮೇಲೆ ಹೋದವರು ಬಂದಾಗ ಅವರ ಮುಖಗಳೇ ಬೇರೆ ಆಗಿದ್ದವು. ಅವರಿಗೆ ಎಲ್ಲ ಕಂಡಿತ್ತು: ಕೆಳಗೆ ಹರಡಿದ ಮೋಡ, ಅದರ ಮೇಲೆ ಬಿದ್ದ ತಮ್ಮದೇ ನೆರಳು. ಒಬ್ಬಳು ಏನೂ ಕಾಣಲಿಲ್ಲ ಎನ್ನಹೋದಳು. ಜಂಪರಿನವಳು ತಡೆದಳು. "ಸುಳ್ಳ್ಯಾಕ? ಅಗದಿ ಛಲೋ ಇತ್ತವ್ವಾ. ಹತ್ತಿ ಹಿಂಜಿ ಹಾಸಿಧಂಗ ಇತ್ತು." ಅಕ್ಕ ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ನೆರಳು ಎಷ್ಟು ದೊಡ್ಡದಿತ್ತು ಎಂದೂ ಕೇಳಿದಳು. ಆಮೇಲೆ, "ಹೋಗೂಣು" ಅಂದಳು.

ಬಂಡೆಯಿಂದ ಇಳಿದು ಮೊದಲ ಹೆಜ್ಜೆ ಕೆಳಗಿಡುತ್ತಲೇ ಮೊಣಕಾಲು ಅವಳನ್ನು ಬಿಟ್ಟಿತು. ಇಬ್ಬರು ಹಿಡಿದುಕೊಂಡೆವು. ಕಾಲು ಮುಂದಕ್ಕೆ ಬಗ್ಗುವುದೇ ಇಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಆ ದಿನ ಮೊದಲ ಸಲ ಕಂಡೆ. "ಹೊತಗೊಂಡ ಹೋಗಬ್ಯಾಡ್ರಿ. ಹೆಣಾ ಒಯ್ಧಂಗ ಬ್ಯಾಡ. ನನ್ನ ಕಾಲಿಲೇ ಹೋಗತೇನಿ" ಎಂದು ಅದೇ ಮಾತನ್ನು ಮತ್ತೆ ಮತ್ತೆ ಅಂದಳು.

ಗೈಡ್ ಅವಳ ತೋಳು ಹಿಡಿದು ಮೆಲ್ಲಗೆ ಅವಳನ್ನು ತಿರುಗಿಸಿ ನಿಲ್ಲಿಸಿದಳು. "ಹಿಂದ ಹಿಂದ ಇಳೀರಿ ಮೌಶಿ. ನಿಚ್ಚಣಿಕಿ ಇಳಿಧಂಗ. ಮೊಣಕಾಲಿಗೆ ಭಾರ ಬೀಳೂದಿಲ್ಲ. ನಮ್ಮ ಆಯಿ ಮುದುಕಿ ಆದ ಮ್ಯಾಲ ಹಿಂಗ ಇಳೀತಿದ್ಲು."

ಹಾಗೆ ಇಳಿದೆವು. ಗೈಡ್ ಅಕ್ಕನ ಬೆನ್ನ ಹಿಂದೆ ಕೆಳಗಿನ ಮೆಟ್ಟಿಲಲ್ಲಿ, ಒಂದೊಂದು ಪಾದವನ್ನೂ ಕೈಯಿಂದ ಹಿಡಿದು ಕಲ್ಲಿನ ಮೇಲೆ ಇಡುತ್ತ. ನಾನು ಮೇಲಿನ ಮೆಟ್ಟಿಲಲ್ಲಿ, ಅಕ್ಕನ ಎರಡೂ ಕೈ ಹಿಡಿದು. ಅವಳ ಮುಖ ಗುಡ್ಡಕ್ಕೆ, ನನ್ನ ಬೆನ್ನು ಗುಡ್ಡಕ್ಕೆ. ಮಿಕ್ಕವರೆಲ್ಲ ತಮ್ಮ ಕಾಲು ಎಲ್ಲಿ ಬೀಳುತ್ತದೆಂದು ನೆಲ ನೋಡುತ್ತ ಇಳಿಯುತ್ತಿದ್ದರು. ಅಕ್ಕನಿಗೆ ನೆಲ ನೋಡುವ ಕೆಲಸವಿಲ್ಲ. ಮೊದಮೊದಲು ಅಂಜಿ ಕಣ್ಣು ಮುಚ್ಚಿಕೊಂಡಿದ್ದಳು. ಪಾದ ತಾನಾಗಿ ಕಲ್ಲಿಗೆ ಕೂಡುತ್ತದೆ ಎಂದು ನಂಬಿಕೆ ಬಂದ ಮೇಲೆ ಕಣ್ಣು ತೆರೆದಳು. ತೆರೆದವಳು ಮುಚ್ಚಲಿಲ್ಲ.

"ನನ್ನ ಹಿಂದ ಏನ ಕಾಣತೈತಿ?" ಎಂದು ಕೇಳಿದೆ.

"ತುದಿ ಕಾಣತೈತಿ. ಈಗ ಮೋಡ ಬಂತು. ಅರ್ಧಾ ಮುಚ್ಚಿತು." ಒಂದು ಮೆಟ್ಟಿಲು. "ಬಾಜೂಕ ಒಂದ ನೀರಿನ ಎಳಿ ಐತಿ. ಹತ್ತೂ ಮುಂದ ಇದನ್ನ ನೋಡಿದ್ವೇನು?"

"ನಾ ನೋಡಲಿಲ್ಲ. ನಿನ್ನ ಕಾಲು ನೋಡಾಕತ್ತಿದ್ದೆ."

"ನಾನೂ ನನ್ನ ಕಾಲ ನೋಡಾಕತ್ತಿದ್ದೆ."

ಗುಡ್ಡ ಇನ್ನಷ್ಟು ದೊಡ್ಡದಾಯಿತಂತೆ. ದೂರ ಸರಿದಷ್ಟೂ ಅದು ಎದ್ದು ನಿಲ್ಲುತ್ತಿದೆ ಅಂದಳು. ಬಂಡೆ ಮೊದಲು ಕರಿಯದಿತ್ತು, ಈಗ ಸಂಜೆಯ ಬಿಸಿಲಿಗೆ ಕುಂಬಳಕಾಯಿಯ ಬಣ್ಣ ಆಗಿದೆ ಅಂದಳು. ಹದ್ದೊಂದು ರೆಕ್ಕೆ ಆಡಿಸದೆ ನಿಂತಿದೆ ಅಂದಳು. ಅವಳ ಕೈ ನನ್ನ ಕೈಯಲ್ಲಿ ಮೊದಲಿನಷ್ಟು ಬಿಗಿಯಾಗಿರಲಿಲ್ಲ. ಜಂಪರಿನವಳು ಕೆಳಗಿನಿಂದ, "ಹಿಂದ ನಡೆಯಾವ್ರ ಮುಂದ ಬರ್ರಿ, ಹೊತ್ತ ಮುಣಗತೈತಿ" ಎಂದು ಕೂಗಿದಳು. ನಗೆ ಕೇಳಿಸಿತು. ಅಕ್ಕನಿಗೆ ಅದು ಕೇಳಿಸಿರಲಿಕ್ಕಿಲ್ಲ.

ಅಡವಿಯ ಹಾದಿ ಶುರುವಾಗುವ ತಿರುವಿನಲ್ಲಿ ಅವಳು ನಿಂತಳು. ಗೈಡ್ ಪಾದ ಹಿಡಿದು ಎಳೆದರೂ ಎತ್ತಿಕೊಡಲಿಲ್ಲ.

"ತಡಿ ಬೇ. ಮೋಡ ಸರಿಯಾಕತ್ತೈತಿ."

ನಿಂತೆವು. ತಿರುಗಿ ನೋಡಬೇಕೆಂದರೆ ನಾನು ಅವಳ ಕೈ ಬಿಡಬೇಕು. ಬಿಡಲಿಲ್ಲ. ಅವಳ ಮುಖವನ್ನೇ ನೋಡುತ್ತ ನಿಂತೆ. ಅದರ ಮೇಲೆ ಬೆಳಕು ಬಂತು, ಹೋಯಿತು, ಮತ್ತೆ ಬಂದು ಅಲ್ಲೇ ಉಳಿಯಿತು.

"ತುದಿ ಕಾಣತೇನು?" ಅಂದೆ.

"ಕಾಣತು" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಗೈಡ್‌ಗೆ ಪಾದ ಎತ್ತಿಕೊಟ್ಟಳು.